ಕಲಿಸುವವನೂ ಕಲಿಯಬೇಕಲ್ಲವೇ?

ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ತಾರಿಹಾಳದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ತಾರಿಹಾಳವೆಂದರೆ ಕಾರ್ಖಾನೆಗಳ ಊರು. ಸಂಜೆ ಪಾಳಿ ಬಿಟ್ಟ ಮೇಲೆ ಖಾಲಿ ಜಾಗ ಸಿಕ್ಕಲ್ಲೆಲ್ಲಾ ಹುಡುಗರ ಆಟ ಶುರುವಾಗುತ್ತದೆ. ಅಕ್ಕನ 13 ವರ್ಷದ ಮಗನಿಗೂ ಫುಟ್‌ಬಾಲ್ ಎಂದರೆ ಪ್ರಾಣ. ಆದರೆ ಅಂದು ಅವನು ಕುಂಟುತ್ತಾ ಮನೆಗೆ ಬಂದ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಊದಿಕೊಂಡಿತ್ತು. ನೋವು ಮೂರು ವಾರಗಳಿಂದ ಇತ್ತಂತೆ.

“ಕೋಚ್‌ಗೆ ಹೇಳಲಿಲ್ವಾ?” ಎಂದು ಕೇಳಿದೆ.

“ಹೇಳಿದೆ ಖಾಲಾ. ನಾಟಕ ಮಾಡ್ತೀಯಾ ಅಂತ ಇನ್ನೂ ಐದು ಸುತ್ತು ಓಡಿಸಿದ್ರು.”

ಮರುದಿನ ವೈದ್ಯರಿಗೆ ತೋರಿಸಿದೆವು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇದು ಸಾಮಾನ್ಯ ಎಂದರು. ಈ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಮೆತ್ತಗಿರುತ್ತದೆ. ತೊಡೆಯ ಸ್ನಾಯು ಅದನ್ನು ಮತ್ತೆ ಮತ್ತೆ ಜಗ್ಗಿದಾಗ ಆ ಜಾಗದಲ್ಲಿ ನೋವು, ಊತ ಕಾಣಿಸಿಕೊಳ್ಳುತ್ತದೆ. ಓಟ, ನೆಗೆತ ಕಡಿಮೆ ಮಾಡಿ, ಐಸ್ ಇಟ್ಟು, ಸ್ನಾಯು ಸಡಿಲಗೊಳಿಸುವ ವ್ಯಾಯಾಮ ಮಾಡಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಮೂರು ವಾರ ಮೊದಲೇ ಓಟ ಕಡಿಮೆ ಮಾಡಿದ್ದರೆ ಹುಡುಗ ಇಷ್ಟು ನರಳಬೇಕಾಗಿರಲಿಲ್ಲ.

ನನಗೆ ಆ ಕೋಚ್‌ನ ಮೇಲೆ ವಿಪರೀತ ಸಿಟ್ಟು ಬಂತು. ಸಂಜೆ ಮೈದಾನಕ್ಕೇ ಹೋದೆ. ನೋಡಿದರೆ ಇಪ್ಪತ್ತೈದರ ಆಸುಪಾಸಿನ ಯುವಕ. ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆ ಒಂದು ರೂಪಾಯಿಯನ್ನೂ ಪಡೆಯದೆ ಮೂವತ್ತು ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ. ವೈದ್ಯರು ಹೇಳಿದ್ದನ್ನು ತಿಳಿಸಿದಾಗ ಅವನ ಮುಖ ಬಾಡಿತು.

“ನಮ್ಮ ಉಸ್ತಾದರು ನಮಗ ಹೆಂಗ ಓಡಿಸಿದ್ರೋ ಹಂಗ ನಾನೂ ಓಡಿಸ್ತೀನ್ರಿ ಆಪಾ. ಕಲಸಾಕ ಬ್ಯಾರೆ ಕಲೀಬೇಕಂತ ನನಗ ಯಾರೂ ಹೇಳಿಲ್ರಿ.”

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ತಪ್ಪು ಅವನೊಬ್ಬನದೇ? ಮಕ್ಕಳಿಗೆ ಟ್ಯೂಷನ್ ಹಾಕುವಾಗ ‘ಮೇಷ್ಟ್ರು ಏನು ಓದಿದ್ದಾರೆ?’ ಎಂದು ವಿಚಾರಿಸುವ ನಾವು, ಮೈದಾನಕ್ಕೆ ಕಳಿಸುವಾಗ ಆ ಪ್ರಶ್ನೆ ಕೇಳಿದ್ದೇವೆಯೇ?

ಆಡುವುದು ಬೇರೆ, ಕಲಿಸುವುದು ಬೇರೆ

ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಭಾರತದ ಫುಟ್‌ಬಾಲ್ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು. ಅವರ ಗರಡಿಯಲ್ಲಿ ಪಳಗಿದ ಭಾರತ ತಂಡ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

ರಹೀಮ್ ಸಾಹೇಬರು ಎಳೆಯ ಆಟಗಾರರಿಗಾಗಿ ದುರ್ಬಲ ಕಾಲಿನಿಂದಲೇ ಚೆಂಡು ಒದೆಯಬೇಕಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಎರಡೂ ಕಾಲುಗಳು ಪಳಗಲಿ ಎಂಬುದು ಉದ್ದೇಶ. ಜಕಾರ್ತದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡಾಗ ರಹೀಮ್ ಅವರನ್ನು ಮುಂಪಡೆಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧ 2-1ರಿಂದ ಗೆದ್ದ ಫೈನಲ್‌ನಲ್ಲಿ ಒಂದು ಗೋಲು ಜರ್ನೈಲ್ ಅವರದೇ. ಬರೀ ಕೂಗಾಡಿ ಓಡಿಸುವ ಕೋಚ್‌ಗೆ ಇಂಥ ಯೋಚನೆ ಹೊಳೆಯುತ್ತಿತ್ತೇ?

ಎಲ್ಲಿ ಕಲಿಯಬಹುದು?

“ಹಂಗಾರ ಎಲ್ಲಿ ಕಲೀಬೇಕ್ರಿ?” ಎಂದು ಆ ಯುವಕ ಕೇಳಿದ. ಇದು ನಾಡಿನ ನೂರಾರು ಮೈದಾನಗಳಲ್ಲಿರುವ ಯುವಕರ ಪ್ರಶ್ನೆಯೂ ಹೌದು.

ತರಬೇತುದಾರರನ್ನು ತಯಾರು ಮಾಡಲೆಂದೇ 1961ರಲ್ಲಿ ಪಟಿಯಾಲದ ಹಳೆಯ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಜನರ ಬಾಯಲ್ಲಿ ಅದು ‘ಎನ್‌ಐಎಸ್’. ಅಲ್ಲಿನ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾಕ್ಕೆ ದೇಶದಲ್ಲೆಲ್ಲ ಮಾನ್ಯತೆಯಿದೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲೂ ಕೆಲವು ಕ್ರೀಡೆಗಳಿಗೆ ಈ ಶಿಕ್ಷಣ ಸಿಗುತ್ತಾ ಬಂದಿದೆ. ಆಟದ ತಂತ್ರದ ಜೊತೆಗೆ ದೇಹ ಕೆಲಸ ಮಾಡುವ ಬಗೆ, ಆಹಾರ, ಮನಶ್ಶಾಸ್ತ್ರ, ಗಾಯಗಳ ಆರೈಕೆ, ವರ್ಷವಿಡೀ ಅಭ್ಯಾಸ ಯೋಜಿಸುವ ಕ್ರಮ ಇವೆಲ್ಲ ಪಾಠದಲ್ಲಿರುತ್ತವೆ. ಇದಕ್ಕೆ ಸಾಮಾನ್ಯವಾಗಿ ಪದವಿ, ಕ್ರೀಡಾಕೂಟಗಳಲ್ಲಿ ಭಾಗವಹಿಸಿದ ಪ್ರಮಾಣಪತ್ರ ಬೇಕು. ಪ್ರವೇಶ ಪರೀಕ್ಷೆಯೂ ಇರುತ್ತದೆ. ವರ್ಷವಿಡೀ ಬಿಡುವಿಲ್ಲದವರಿಗೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಇದೆ.

ಫುಟ್‌ಬಾಲಿನಲ್ಲಿ ಕಲಿಕೆಗೆ ಏಣಿಯಂತೆ ಮೆಟ್ಟಿಲುಗಳಿವೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಕೆಲವೇ ದಿನಗಳ ಶಿಬಿರ. ನಂತರ ಸಿ, ಬಿ, ಎ, ಕೊನೆಗೆ ಪ್ರೊ. ಮೇಲಿನ ಲೈಸೆನ್ಸ್‌ಗಳು ಒಮ್ಮೆ ಪಡೆದರೆ ಜೀವನಪರ್ಯಂತ ನಡೆಯುವಂಥವಲ್ಲ. ಅವಧಿ ಮುಗಿದ ಮೇಲೆ ಹೊಸದಾಗಿ ಏನು ಕಲಿತಿರಿ ಎಂಬುದನ್ನು ತೋರಿಸಿ ನವೀಕರಿಸಬೇಕು. ಕ್ರಿಕೆಟ್, ಅಥ್ಲೆಟಿಕ್ಸ್‌ಗಳಲ್ಲೂ ಹಂತ ಹಂತದ ಕೋರ್ಸ್‌ಗಳಿವೆ.

ತಾರಿಹಾಳದವರಿಗೆ ಧಾರವಾಡ ದೂರವೇನಲ್ಲ. ಹುಬ್ಬಳ್ಳಿಗೆ ಬಂದು ಚಿಗರಿ ಬಸ್ ಹತ್ತಿದರಾಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ವಿಭಾಗವಿದೆ. ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವೂ ಊರಲ್ಲಿದೆ. ಒಂದು ವಿಷಯ ನೆನಪಿರಲಿ. ಬಿ.ಪಿ.ಎಡ್. ಮುಖ್ಯವಾಗಿ ಶಾಲೆಯ ದೈಹಿಕ ಶಿಕ್ಷಕರಾಗಲು ಇರುವ ಓದು. ಒಂದೇ ಆಟದಲ್ಲಿ ಕೋಚ್ ಆಗಬಯಸುವವರು ಅದರ ಮೇಲೆ ಡಿಪ್ಲೊಮಾ ಅಥವಾ ಲೈಸೆನ್ಸ್ ಮಾಡಿಕೊಳ್ಳುವುದು ಒಳ್ಳೆಯದು.

ಹೆಣ್ಣುಮಕ್ಕಳ ಪ್ರಶ್ನೆ

ಅಕ್ಕನಿಗೆ ಹತ್ತು ವರ್ಷದ ಮಗಳೂ ಇದ್ದಾಳೆ. ಅಣ್ಣನಿಗಿಂತ ಜೋರಾಗಿ ಓಡುತ್ತಾಳೆ. “ಹೇಳಿಕೊಡುವವರು ಹೆಂಗಸರಿದ್ದರೆ ಇವಳನ್ನೂ ಕಳಿಸುತ್ತಿದ್ದೆ” ಎಂದಳು ಅಕ್ಕ. ನಮ್ಮ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಆದರೆ ಆ ಹೆಂಗಸು ಎಲ್ಲಿಂದ ಬರಬೇಕು? ಯಾರದೋ ಮನೆಯ ಮಗಳು ಓದಿ ಕೋಚ್ ಆದರೆ ತಾನೆ?

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಫೈನಲ್ ತಲುಪಿದವರು. ಬಳಿಕ ಕೋಚ್ ಆದರು. ಅವರ ಶಿಷ್ಯೆ ಅವನಿ ಲೇಖರಾ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2022ರಲ್ಲಿ ಸುಮಾ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ತಾಯಂದಿರಾದ ನಾವು ಮಗಳ ಭವಿಷ್ಯವನ್ನು ಲೆಕ್ಕ ಹಾಕುವಾಗ ಟೀಚರ್, ಡಾಕ್ಟರ್ ಜೊತೆಗೆ ಈ ವೃತ್ತಿಯನ್ನೂ ಸೇರಿಸಿಕೊಳ್ಳಬಾರದೇ?

ನಾವು ಕೇಳಬೇಕಾದದ್ದು

ಮಗುವನ್ನು ಮೈದಾನಕ್ಕೆ ಕಳಿಸುವ ಮುನ್ನ ಕೋಚ್‌ನ ಬಳಿ ಸೌಜನ್ಯದಿಂದ ಕೆಲವು ವಿಷಯ ವಿಚಾರಿಸಿರಿ. ಯಾವ ತರಬೇತಿ ಪಡೆದಿದ್ದೀರಿ? ಕೊನೆಯ ಬಾರಿ ಯಾವಾಗ ಶಿಬಿರಕ್ಕೆ ಹೋಗಿದ್ದಿರಿ? ಮಗು ನೋವೆಂದರೆ ಏನು ಮಾಡುತ್ತೀರಿ? ಅಭ್ಯಾಸದ ನಡುವೆ ನೀರು ಕುಡಿಯಲು ಬಿಡುತ್ತೀರಾ? ರಮಝಾನ್ ತಿಂಗಳಲ್ಲಿ ಉಪವಾಸವಿರುವ ಹುಡುಗರ ಅಭ್ಯಾಸದ ಹೊತ್ತು, ಓಟದ ಪ್ರಮಾಣ ಬದಲಿಸುತ್ತೀರಾ? ಕಲಿತ ಕೋಚ್ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಹಾಗೆಯೇ ನಮ್ಮ ಪಾಲಿನ ಹೊಣೆಯೂ ಇದೆ. ಡಿ ಲೈಸೆನ್ಸಿನ ಮಾತು ಹೇಳಿದಾಗ ಆ ಯುವಕ ಬೆರಳು ಮಡಚಿ ಲೆಕ್ಕ ಹಾಕಿದ. ಶಿಬಿರದ ಶುಲ್ಕ, ಹೋಗಿ ಬರುವ ಖರ್ಚು, ಅಷ್ಟು ದಿನದ ಪಗಾರ. “ಮನಿ ನಡೀಬೇಕಲ್ರಿ ಆಪಾ” ಎಂದು ಸುಮ್ಮನಾದ.

ಪ್ರತಿ ವರ್ಷ ಓಣಿಯ ಟೂರ್ನಮೆಂಟಿಗೆ ಆಳೆತ್ತರದ ಟ್ರೋಫಿ, ಜೆರ್ಸಿ, ಪೆಂಡಾಲ್, ಮೈಕು ಎಂದು ನಾವು ಧಾರಾಳವಾಗಿ ಚಂದಾ ಎತ್ತುತ್ತೇವೆ. ಒಂದು ವರ್ಷ ಟ್ರೋಫಿಯ ಎತ್ತರ ಸ್ವಲ್ಪ ಕಡಿಮೆಯಾಗಲಿ. ಆ ಹಣದಲ್ಲಿ ಒಬ್ಬ ಯುವಕನನ್ನು, ಮರುವರ್ಷ ಒಬ್ಬ ಯುವತಿಯನ್ನು ಶಿಬಿರಕ್ಕೆ ಕಳಿಸೋಣ. ಟ್ರೋಫಿ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಕಲಿತು ಬಂದವರಾದರೋ ಮೂವತ್ತು ಮಕ್ಕಳ ಮೊಣಕಾಲು ಕಾಯುತ್ತಾರೆ.

ಅಕ್ಕನ ಮಗ ಈಗ ಮತ್ತೆ ಮೈದಾನಕ್ಕೆ ಹೋಗುತ್ತಿದ್ದಾನೆ. ಮೊದಲ ದಿನ ಕೋಚ್ ಅವನನ್ನು ಓಡಿಸಲಿಲ್ಲವಂತೆ. ಪಕ್ಕಕ್ಕೆ ಕರೆದು, “ನೋವು ಹೆಂಗೈತಿ?” ಎಂದು ಕೇಳಿದನಂತೆ. ಅವನ ಕಲಿಕೆ ಆಗಲೇ ಶುರುವಾಗಿದೆ. ಅದನ್ನು ಮುಂದುವರಿಸಲು ನಾವು ಕೈಜೋಡಿಸುತ್ತೇವೆಯೇ?