ನೆವಾರ್ಕ್‌ನ ತಾಯಂದಿರ ಸಂತ

ಅಮೆರಿಕದ ನೆವಾರ್ಕ್ ನಗರದ ಹಳೆಯ ಇಟಾಲಿಯನ್ ಮನೆತನಗಳಲ್ಲಿ ಬಸುರಿ ಹೆಂಗಸಿಗೆ ಕೊಡುವ ದೊಡ್ಡ ಉಡುಗೊರೆ ಎಂದರೆ ಒಂದು ಬಿಳಿ ಕರವಸ್ತ್ರ. ಸಂತ ಜೆರಾರ್ಡ್ ಮಜೆಲ್ಲಾ ಹೆಸರಿನಲ್ಲಿ ಗುರುಗಳು ಆಶೀರ್ವದಿಸಿದ ಕರವಸ್ತ್ರ ಅದು. ಬಸುರಿ, ಬಾಣಂತಿಯರ ಪಾಲಕ ಸಂತ ಎಂದು ಲೋಕದ ಕಥೋಲಿಕರು ನಂಬಿದ ಈ ಜೆರಾರ್ಡ್‌ಗೆ ನೆವಾರ್ಕ್‌ನ ಸಂತ ಲೂಸಿ ಧರ್ಮಕೇಂದ್ರದಲ್ಲಿ ರಾಷ್ಟ್ರೀಯ ಪುಣ್ಯಕ್ಷೇತ್ರವೇ ಇದೆ.

ಸಂಸಾರವನ್ನೇ ಕಟ್ಟದ, 29ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ ಧರ್ಮಸಹೋದರ ಈತ. ಹುಟ್ಟಿದ್ದು 1726ರಲ್ಲಿ, ದಕ್ಷಿಣ ಇಟಲಿಯ ಮೂರೊ ಲುಕಾನೊದಲ್ಲಿ, ದರ್ಜಿಯ ಮಗನಾಗಿ. ಮೈಯಲ್ಲಿ ಕಸುವಿಲ್ಲವೆಂದು ಕಪುಚಿನ್ ಮಠದವರು ಸೇರಿಸಿಕೊಳ್ಳಲಿಲ್ಲ. ರಿಡೆಂಪ್ಟರಿಸ್ಟ್ ಸಭೆಯ ಗುರುಗಳು ಊರಿಗೆ ಬಂದಾಗ, ಮಗ ಅವರ ಹಿಂದೆ ಹೊರಟಾನೆಂದು ತಾಯಿ ಕೋಣೆಯಲ್ಲಿ ಕೂಡಿಹಾಕಿದಳಂತೆ. ಆತ ಹೊದಿಕೆಗಳನ್ನು ಗಂಟು ಹಾಕಿ ಕಿಟಕಿಯಿಂದಿಳಿದು, ಸಂತನಾಗಲು ಹೋಗುತ್ತೇನೆಂದು ಚೀಟಿ ಬರೆದಿಟ್ಟು ಹೋದನೆಂದು ಕಥೆ. ಮುಂದೆ, ಆ ಸಭೆ ಸೇರಿದ ಮೇಲೆ, ನೇರಿಯಾ ಕಜ್ಜಾನೊ ಎಂಬ ಹೆಣ್ಣು ಆತನ ಮೇಲೆ ಅಪವಾದ ಹೊರಿಸಿದಳು. ಸಭೆಯ ಸ್ಥಾಪಕ ಅಲ್ಫೋನ್ಸ್ ಲಿಗೋರಿ ವಿಚಾರಿಸಿದರೂ ಜೆರಾರ್ಡ್ ಬಾಯಿ ಬಿಡಲಿಲ್ಲ. ಪರಮಪ್ರಸಾದಕ್ಕೂ ತಡೆ ಬಿತ್ತು. ಕೊನೆಗೆ ಅವಳೇ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡಳು. ಸೇಡಿನ ಮಾತು ಆಗಲೂ ಆತನ ಬಾಯಿಂದ ಬರಲಿಲ್ಲ. ಆತನ ಪವಾಡಗಳೆಲ್ಲಕ್ಕಿಂತ ನನ್ನನ್ನು ಹೆಚ್ಚು ತಟ್ಟುವುದು ಈ ಸಹನೆ.

ಕರವಸ್ತ್ರದ ಪ್ರಸಂಗ ಸಾವಿಗೆ ಸ್ವಲ್ಪ ಮುಂಚಿನದು. ಪರಿಚಯದ ಕುಟುಂಬವೊಂದನ್ನು ಕಂಡು ಹೊರಟಾಗ ಜೆರಾರ್ಡ್ ಕರವಸ್ತ್ರ ಮರೆತ. ಮನೆಯ ಹುಡುಗಿ ಅದನ್ನು ಹಿಡಿದು ಹಿಂದೆಯೇ ಓಡಿದಳು. ಇಟ್ಟುಕೊ, ಮುಂದೊಂದು ದಿನ ನಿನಗೇ ಬೇಕಾದೀತು ಎಂದನಂತೆ ಜೆರಾರ್ಡ್. ವರ್ಷಗಳಾದ ಮೇಲೆ ಹೆರಿಗೆ ಕಷ್ಟವಾಗಿ ಜೀವಕ್ಕೇ ಬಂದಾಗ ಅವಳಿಗೆ ಆ ಮಾತು ನೆನಪಾಯಿತು. ಕರವಸ್ತ್ರ ತರಿಸಿಕೊಂಡಳು. ತಾಯಿ, ಮಗು ಇಬ್ಬರೂ ಉಳಿದರು. ಪ್ರತಿ ಹೆರಿಗೆಯೂ ಹೆಣ್ಣಿಗೆ ಮರುಹುಟ್ಟಾಗಿದ್ದ ಕಾಲದಲ್ಲಿ ಈ ಸುದ್ದಿ ಊರಿಂದೂರಿಗೆ ಹಬ್ಬಿದ್ದು ಸಹಜ.

1755ರ ಅಕ್ಟೋಬರ್ 16ರಂದು ಜೆರಾರ್ಡ್ ಕೊನೆಯುಸಿರೆಳೆದ ಮಾತೆರ್‌ದೋಮಿನಿ, ಕಪೊಸೇಲೆ ಊರಿಗೆ ಸೇರಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಡತನ ತಾಳಲಾರದೆ ಕಪೊಸೇಲೆಯವರು ನೆವಾರ್ಕ್‌ನ ಫಸ್ಟ್ ವಾರ್ಡ್‌ಗೆ ವಲಸೆ ಬಂದರು. ಅಲ್ಲಿ 1891ರಲ್ಲಿ ಸಂತ ಲೂಸಿ ಧರ್ಮಕೇಂದ್ರ ಶುರುವಾಗಿತ್ತು. ಜೆರಾರ್ಡ್ ಹಬ್ಬವನ್ನು ಅವರು ಮೊದಲು ಆಚರಿಸಿದ್ದು 1899ರಲ್ಲಿ. ರೋಮ್ ಸಂತ ಪದವಿ ಕೊಟ್ಟದ್ದು 1904ರಲ್ಲಿ. ಈ ಜನ ಅಷ್ಟು ದಿನ ಕಾಯಲಿಲ್ಲ.

ಈಗಿನ ದೇವಾಲಯ ಎದ್ದದ್ದು 1920ರ ದಶಕದಲ್ಲಿ. ಅದರ ಸುತ್ತಲಿನ ಊರು ಮಾತ್ರ ಉಳಿಯಲಿಲ್ಲ. 1950ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಫಸ್ಟ್ ವಾರ್ಡ್‌ನ ಮನೆ, ಬೇಕರಿ, ಅಂಗಡಿಗಳನ್ನೆಲ್ಲ ಕೆಡವಿ ಕೊಲಂಬಸ್ ಹೋಮ್ಸ್ ಎಂಬ ಬಹುಮಹಡಿ ವಸತಿ ಕಟ್ಟಿದರು. ಒಕ್ಕಲೆದ್ದ ಕುಟುಂಬಗಳು ಹೊರವಲಯಗಳಿಗೆ ಚದುರಿದವು. ಆ ಕಟ್ಟಡಗಳೂ ಪಾಳುಬಿದ್ದು 1994ರಲ್ಲಿ ಸ್ಫೋಟಕಕ್ಕೆ ಉರುಳಿದವು. ಊರನ್ನೇ ಅಳಿಸಿ ಕಟ್ಟಿದ್ದು ನಾಲ್ಕು ದಶಕವೂ ನೆಟ್ಟಗೆ ಬಾಳಲಿಲ್ಲವೆಂಬುದು ನುಂಗಲಾರದ ಸಂಗತಿ.

ದೇವಾಲಯ ಉಳಿಯಿತು. 1977ರಲ್ಲಿ ರಾಷ್ಟ್ರೀಯ ಪುಣ್ಯಕ್ಷೇತ್ರವೂ ಆಯಿತು. ಚದುರಿದವರ ಮಕ್ಕಳು, ಮೊಮ್ಮಕ್ಕಳು ಪ್ರತಿ ಅಕ್ಟೋಬರ್‌ನಲ್ಲಿ ಇಲ್ಲಿಗೆ ಮರಳುತ್ತಾರೆ. ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಬ್ಯಾಂಡಿನೊಂದಿಗೆ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತದೆ. ದಾರಿಯುದ್ದಕ್ಕೂ ಹರಕೆಯ ಡಾಲರ್ ನೋಟುಗಳನ್ನು ಪಿನ್ನು ಹಾಕಿ ಸಂತನಿಗೆ ತೊಡಿಸುತ್ತಾರೆ. ಮಕ್ಕಳಾಗಲೆಂದು ಬೇಡುವವರು, ಬಸುರಿಯರು, ಹರಕೆ ಫಲಿಸಿ ಕೂಸನ್ನು ಎತ್ತಿಕೊಂಡು ಬಂದವರು ಎಲ್ಲರೂ ಆ ಗುಂಪಿನಲ್ಲಿರುತ್ತಾರೆ. ಹೀಗೆ ಹುಟ್ಟಿದ ಗಂಡುಮಗುವಿಗೆ ಜೆರಾರ್ಡ್ ಎಂದು ಹೆಸರಿಡುವುದು ಹಿಂದಿನಿಂದ ಬಂದ ರೂಢಿ. ಆ ಹೆಸರು ಹೊತ್ತ ಅಜ್ಜಂದಿರೂ ಇಲ್ಲಿದ್ದಾರೆ, ಮೊಮ್ಮಕ್ಕಳೂ ಇದ್ದಾರೆ.