ಉಮ್ಮನ ಹೊಲಿಗೆ ಮೆಷಿನ್‌ಗೂ ಒಂದು ನಂಬರ್

ಪ್ರಥಮ ಪಿಯುಸಿಯಲ್ಲಿ ಏಕವ್ಯಕ್ತಿ ವ್ಯಾಪಾರದ ಪಾಠ ಓದಿದ ಕಾಮರ್ಸ್ ಗೆಳೆಯರಿಗೆ ನೆನಪಿರಬಹುದು: ಬಂಡವಾಳವೂ ಒಬ್ಬರದೇ, ಲಾಭವೂ ಒಬ್ಬರದೇ, ಸಾಲ ಬಂದರೆ ಅದೂ ಒಬ್ಬರ ತಲೆಯ ಮೇಲೆಯೇ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಮ್ಮ ಮನೆಗಳ ಕಡೆ ಒಮ್ಮೆ ನೋಡಿ. ಹೊಲಿಗೆ, ಮೆಹಂದಿ, ಟ್ಯೂಷನ್, ಮೊಬೈಲ್ ರಿಪೇರಿ, ಮದುವೆ ಮನೆಗೆ ತಿಂಡಿ ಮಾಡಿಕೊಡುವುದು. ನಮ್ಮಲ್ಲಿ ಎಷ್ಟೋ ಮಂದಿಯ ಕಾಲೇಜು ಫೀಸು ಬರುವುದು ಇಂಥ ಏಕವ್ಯಕ್ತಿ ವ್ಯಾಪಾರದಿಂದಲೇ. ಆದರೆ ಅವರನ್ನು ಕೇಳಿದರೆ, "ಏನಿಲ್ಲ, ಮನೆಯಲ್ಲೇ ಸ್ವಲ್ಪ ಹೊಲಿಯುತ್ತೇನೆ" ಎನ್ನುತ್ತಾರೆ.

ನನ್ನ ಉಮ್ಮನೂ ಹಾಗೆಯೇ ಹೇಳುತ್ತಿದ್ದರು. ಕಳೆದ ವರ್ಷ ಒಂದು ಶಾಲೆಗೆ 60 ಜೊತೆ ಯೂನಿಫಾರ್ಮ್ ಹೊಲಿದು ಕೊಟ್ಟರು. ಜೂನ್‌ನಲ್ಲಿ ಕೊಟ್ಟ ಬಟ್ಟೆಯ ಹಣ ಡಿಸೆಂಬರ್ ಆದರೂ ಪೂರ್ತಿ ಬರಲಿಲ್ಲ. ಹೋದಾಗಲೆಲ್ಲ "ಮುಂದಿನ ವಾರ ನೋಡೋಣ" ಎಂಬ ಉತ್ತರ. ಉಮ್ಮನ ಬಳಿ ಬಿಲ್ ಇಲ್ಲ, ಅಂಗಡಿಗೆ ಹೆಸರಿಲ್ಲ. ಯಾವ ಆಧಾರದ ಮೇಲೆ ಗಟ್ಟಿಯಾಗಿ ಕೇಳುವುದು? ಆಗ ನಾನು ಹುಡುಕಿ ಓದಿದ್ದು ಉದ್ಯಮ್ ನೋಂದಣಿಯ ಬಗ್ಗೆ.

ಇದು 2020ರ ಜುಲೈ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ನೋಂದಣಿ. ಒಬ್ಬರೇ ನಡೆಸುವ ಚಿಕ್ಕ ಉದ್ಯಮಕ್ಕೂ ಒಂದು ಕಾಯಂ ನಂಬರ್ ಕೊಡುತ್ತಾರೆ. ಕರ್ನಾಟಕದ್ದಾದರೆ ಅದು 'ಉದ್ಯಮ್-ಕೆಆರ್' ಎಂದು ಶುರುವಾಗುತ್ತದೆ. ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ ಮತ್ತು ವರ್ಷದ ವಹಿವಾಟು 10 ಕೋಟಿ ಮೀರದಿದ್ದರೆ ಅದು 'ಸೂಕ್ಷ್ಮ' ಉದ್ಯಮ. 2025ರ ಏಪ್ರಿಲ್‌ನಿಂದ ಇದೇ ಮಿತಿ. ಒಂದು ಹೊಲಿಗೆ ಮೆಷಿನ್, ಒಂದು ಇಸ್ತ್ರಿ ಪೆಟ್ಟಿಗೆಯ ಉಮ್ಮ ಯಾವ ಸಾಲಿಗೆ ಸೇರುತ್ತಾರೆಂದು ಹೇಳಬೇಕಾಗಿಲ್ಲ.

ನಂಬರ್ ಇದ್ದರೆ ಬ್ಯಾಂಕ್ ಸಾಲಕ್ಕೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ನನಗೆ ಮುಖ್ಯವೆನಿಸಿದ್ದು ಯಾರೂ ಹೇಳದ ಇನ್ನೊಂದು ಸಂಗತಿ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಬರೆದುಕೊಂಡ ದಿನಾಂಕದೊಳಗೆ ಹಣ ಕೊಡಬೇಕು. ಆ ದಿನಾಂಕ ಸರಕು ಸ್ವೀಕರಿಸಿದ ದಿನದಿಂದ 45 ದಿನಕ್ಕಿಂತ ಆಚೆಗೆ ಹೋಗುವಂತಿಲ್ಲ. ಏನೂ ಬರೆದುಕೊಳ್ಳದಿದ್ದರೆ 15 ದಿನಗಳೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕೊಡದವರ ಮೇಲೆ ದೂರು ಕೊಟ್ಟರೆ ಅದು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ.

ಬಡ್ಡಿ ಎಂದ ಕೂಡಲೇ ಉಮ್ಮ, "ನನಗೆ ಬಡ್ಡಿ ಬೇಡ, ನನ್ನ ದುಡಿಮೆಯ ಹಣ ಬಂದರೆ ಸಾಕು" ಎಂದರು. ಬಡ್ಡಿ ಬಿಟ್ಟು ಅಸಲನ್ನಷ್ಟೇ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ತಡಮಾಡಿದರೆ ಬಡ್ಡಿ ಬೀಳುತ್ತದೆ ಎಂಬುದು ಎದುರಿನವರಿಗೆ ಗೊತ್ತಿರುವುದು ಒಳ್ಳೆಯದಲ್ಲವೇ?

ಒಂದು ಷರತ್ತು ಮಾತ್ರ ಮರೆಯಬಾರದು. ಸರಕು ಕೊಟ್ಟ ಮೇಲೆ ನೋಂದಣಿ ಮಾಡಿಸಿ, ಹಳೆಯ ಬಾಕಿಗೆ ಈ ಕಾಯ್ದೆಯ ಲಾಭ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಶಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆ 60 ಜೊತೆಗೆ ಇದು ಉಪಯೋಗಕ್ಕೆ ಬರಲಿಲ್ಲ. ಆರ್ಡರ್ ಬರುವ ಮೊದಲೇ ನಂಬರ್ ಕೈಯಲ್ಲಿರಬೇಕು.

ಇನ್ನು ಅರ್ಜಿ. ಇದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ಸೈಟುಗಳು ಮೊದಲು ಬರುತ್ತವೆ, ಸಾವಿರಗಟ್ಟಲೆ ಕೇಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಮ್ಮ ಮನೆಗಳಲ್ಲಿ ತೊಡಕಾಗುವುದು ಫಾರ್ಮ್ ತುಂಬುವುದರಲ್ಲಿ ಅಲ್ಲ, ಒಟಿಪಿಯಲ್ಲಿ. ಆಧಾರ್‌ಗೆ ಲಿಂಕ್ ಆದ ಮೊಬೈಲಿಗೆ ಒಟಿಪಿ ಬರುತ್ತದೆ. ಎಷ್ಟೋ ತಾಯಂದಿರ ಆಧಾರ್‌ಗೆ ಇರುವುದು ಗಲ್ಫ್‌ನಲ್ಲಿರುವ ಗಂಡನ ಹಳೆಯ ನಂಬರ್. ರೀಚಾರ್ಜ್ ನಿಂತು ವರ್ಷಗಳೇ ಆಗಿರುತ್ತವೆ. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅವರದೇ ನಂಬರ್ ಸೇರಿಸಬೇಕು. ಎರಡನೆಯದು ಹೆಸರು. ಆಧಾರ್‌ನಲ್ಲಿ 'ಬೀಬಿ' ಇದ್ದು ಪ್ಯಾನ್‌ನಲ್ಲಿ ಇಲ್ಲದಿದ್ದರೆ, ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನೂ ಮೊದಲೇ ಸರಿಪಡಿಸಿಕೊಳ್ಳಿ. ಪ್ಯಾನ್ ಇಲ್ಲದ ವಯಸ್ಕರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಇ-ಪ್ಯಾನ್ ಉಚಿತವಾಗಿ ಪಡೆಯಬಹುದು.

ಉಳಿದದ್ದು ಸುಲಭ. ಸಂಸ್ಥೆಯ ವಿಧ ಎಂಬಲ್ಲಿ ಪ್ರೊಪ್ರೈಟರಿ, ಅಂಗಡಿಯ ಹೆಸರು, ಮನೆಯ ವಿಳಾಸವೇ ವಿಳಾಸ, ಬ್ಯಾಂಕ್ ಖಾತೆ, ಎಷ್ಟು ಜನ ಕೆಲಸ ಮಾಡುತ್ತಾರೆ, ಹೂಡಿಕೆ ಎಷ್ಟು, ವಹಿವಾಟು ಎಷ್ಟು. ಜೊತೆಗೆ ಎನ್‌ಐಸಿ ಕೋಡ್ ಎಂಬುದೊಂದನ್ನು ಆರಿಸಬೇಕು. ಅಳತೆ ತೆಗೆದು ಹೊಲಿಯುವವರಿಗೆ ಅದು 14105. ಸರ್ಕಾರದ ಪಟ್ಟಿಯಲ್ಲಿ ಹೊಲಿಗೆ 'ಉತ್ಪಾದನೆ'ಯ ಕೆಳಗೆ ಬರುತ್ತದೆ! ಇದನ್ನು ಓದಿ ಹೇಳಿದಾಗ ಉಮ್ಮ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಕೊನೆಗೆ ಸಿಗುವ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರಕ್ಕೆ ನವೀಕರಣದ ಗೋಜಿಲ್ಲ.

ಮಾಡಿಸೋಣ ಎಂದಾಗ ಮನೆಯಲ್ಲಿ ಬಂದ ಮೊದಲ ಪ್ರಶ್ನೆ ಬೇರೆಯದೇ: "ಗೃಹಲಕ್ಷ್ಮಿಯ 2000 ನಿಂತು ಹೋದರೆ?" ಭಯ ಸಹಜ. ಗೃಹಲಕ್ಷ್ಮಿಯ ನಿಯಮ ಹೊರಗಿಡುವುದು ಆ ಮಹಿಳೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಪಾವತಿದಾರರಾಗಿದ್ದರೆ. ಉದ್ಯಮ್ ನಂಬರ್ ಈ ಎರಡೂ ಅಲ್ಲ. ಅದು ಜಿಎಸ್‌ಟಿ ನೋಂದಣಿಯೂ ಅಲ್ಲ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಮಾತ್ರ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ಬಂದ ನೋಟಿಸುಗಳ ಸುದ್ದಿ ಎಲ್ಲರೂ ಓದಿದ್ದೇವೆ. ಅವು ಬಂದದ್ದು ಯುಪಿಐ ಮೂಲಕ ಜಮೆಯಾದ ಹಣದ ಲೆಕ್ಕ ನೋಡಿ, ಉದ್ಯಮ್ ಪಟ್ಟಿ ನೋಡಿ ಅಲ್ಲ. ಯಾರೋ ಹೇಳಿದರೆಂದು ಅಗತ್ಯವಿಲ್ಲದೆ ಜಿಎಸ್‌ಟಿ ನಂಬರ್ ಮಾಡಿಸಿಕೊಳ್ಳಬೇಡಿ ಎಂದು ಮಾತ್ರ ನಾನು ಹೇಳುತ್ತೇನೆ.

ಸಿದ್ಧ ಅಬಾಯ ತರಿಸಿ ವಾಟ್ಸಾಪ್‌ನಲ್ಲಿ ಮಾರುವವರ ವಿಷಯ ಬೇರೆ. ಅದು ಬರೀ ಮಾರಾಟ. 2021ರ ಜುಲೈನಿಂದ ಅವರಿಗೂ ನೋಂದಣಿಗೆ ಅವಕಾಶವಿದೆ, ಆದರೆ ಸಿಗುವುದು ಬ್ಯಾಂಕಿನ ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. 45 ದಿನದ ನಿಯಮ ಅವರಿಗಿಲ್ಲ.

ನಮ್ಮಲ್ಲೇ ಕೆಲವರು ಮೆಹಂದಿ ಹಾಕಿ, ಪೋಸ್ಟರ್ ಡಿಸೈನ್ ಮಾಡಿ ಸಂಪಾದಿಸುತ್ತಿದ್ದಾರೆ. 1872ರ ಕರಾರು ಕಾಯ್ದೆಯಂತೆ 18 ತುಂಬದವರು ಮಾಡಿದ ಕರಾರಿಗೆ ಬೆಲೆಯಿಲ್ಲ. ಅವರು ಹುಟ್ಟುಹಬ್ಬದವರೆಗೆ ಕಾಯಲಿ. ಅಷ್ಟರಲ್ಲಿ ಆರ್ಡರ್, ದಿನಾಂಕ, ಬಂದ ಹಣ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ.

ಉಮ್ಮ ಈಗ 120 ರೂಪಾಯಿಯ ಒಂದು ಬಿಲ್ ಬುಕ್ ತಂದಿದ್ದಾರೆ. ಪ್ರತಿ ಹಾಳೆಯ ಮೇಲೆ ಉದ್ಯಮ್ ನಂಬರ್, ಕೆಳಗೆ "ಸ್ವೀಕರಿಸಿದ ದಿನಾಂಕ, ಸಹಿ" ಎಂದು ನಾನೇ ಬರೆದುಕೊಡುತ್ತೇನೆ. ಈ ವರ್ಷದ ಯೂನಿಫಾರ್ಮ್ ಬೇರೆ ಶಾಲೆಯದ್ದು. ಬಟ್ಟೆ ಒಪ್ಪಿಸುವಾಗ ಸಹಿ ಹಾಕಿಸಿಕೊಂಡು ಬಂದಿದ್ದಾರೆ.