ನಿಮಗಿದು ಗೊತ್ತೇ? ಅಂಗಳದ ಕಾರು, ಮನೆಯ ಕರೆಂಟು

ಮಾಣಿಯಿಂದ ಮಂಗಳೂರಿಗೆ ಸುಮಾರು 35 ಕಿ.ಮೀ. ಹೋಗಿ ಬಂದರೆ 70. ಸಣ್ಣ ವಿದ್ಯುತ್ ಕಾರು ಒಂದು ಯೂನಿಟ್‌ಗೆ ಏಳೆಂಟು ಕಿ.ಮೀ. ಓಡುತ್ತದೆ. ಚಾರ್ಜ್ ಮಾಡುವಾಗ ಪೋಲಾಗುವುದನ್ನು ಸೇರಿಸಿದರೂ ಆ ದಿನದ ಓಡಾಟಕ್ಕೆ ಬೇಕಾದದ್ದು ಹತ್ತು-ಹನ್ನೊಂದು ಯೂನಿಟ್. 15 ಆಂಪಿಯರ್‌ನ ಮಾಮೂಲಿ ಪವರ್ ಪ್ಲಗ್ಗಿನಲ್ಲಿ ಅದು ಮೂರೂವರೆ ಗಂಟೆಯ ಕೆಲಸ. ರಾತ್ರಿ 11ಕ್ಕೆ ಶುರುವಾದರೆ ಕೋಳಿ ಕೂಗುವ ಮೊದಲೇ ಮುಗಿದಿರುತ್ತದೆ.

ಈ ಪ್ಲಗ್ಗಿನ ಚಾರ್ಜಿಂಗ್ ನಮಗೆ ಹೊಸತಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರು ಕೂಡ ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಚಾರ್ಜ್ ಆಗುತ್ತಿತ್ತು.

ತೊಂದರೆ ಇರುವುದು ಸಂಜೆ ಹೊತ್ತಿನಲ್ಲಿ. 2 ಕಿಲೋವ್ಯಾಟ್ ಗೀಸರ್, 2 ಕಿಲೋವ್ಯಾಟ್ ಇಂಡಕ್ಷನ್ ಒಲೆ, ಬಾವಿಯ 1 ಎಚ್‌ಪಿ ಪಂಪು, ಜೊತೆಗೆ 3.3 ಕಿಲೋವ್ಯಾಟ್ ಕಾರು. ಎಲ್ಲ ಒಟ್ಟಿಗೆ ನಡೆದರೆ 8 ಕಿಲೋವ್ಯಾಟ್ ದಾಟುತ್ತದೆ, ಅಂದರೆ ಸುಮಾರು 36 ಆಂಪಿಯರ್. ಮನೆಗೆ ಮಂಜೂರಾದ ಲೋಡ್ ಬರೇ 3 ಕಿಲೋವ್ಯಾಟ್, ಮೈನ್ ಎಂಸಿಬಿ 32 ಆಂಪಿಯರ್‌ನದ್ದು ಎಂದಿಟ್ಟುಕೊಳ್ಳಿ. ಅದು ಟ್ರಿಪ್ ಆದರೆ ದೂರಬೇಡಿ, ಮನೆ ಕಾಯುತ್ತಿರುವುದೇ ಅದು. ದೊಡ್ಡ ಎಂಸಿಬಿ ಹಾಕಿಸಿ ಒಳಗಿನ ಹಳೆಯ ವಯರನ್ನು ಹಾಗೆಯೇ ಬಿಡುವುದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ.

ಮಂಜೂರಾದ ಲೋಡ್ ಎಷ್ಟೆಂದು ಮೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ನಿಗದಿತ ಶುಲ್ಕ ಬೀಳುವುದು ಅದರ ಪ್ರತಿ ಕಿಲೋವ್ಯಾಟ್‌ಗೆ. ಹಾಗಾಗಿ ಲೋಡ್ ಏರಿಸಿಕೊಂಡರೆ ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಪ್ರತಿ ತಿಂಗಳು ಹೆಚ್ಚು ಕಟ್ಟಬೇಕು.

ಚಾರ್ಜರ್ ಕಾರಿನ ಜೊತೆ ಮಾತಾಡುತ್ತದೆ! ಕಾರಿಗೆ ಚುಚ್ಚುವ ಟೈಪ್ 2 ಗನ್ನಿನೊಳಗಿನ ಒಂದು ಸಣ್ಣ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಮಿಡಿಯುವ ಸಂಕೇತವಿದೆ. ಮಿಡಿತದ ಅಗಲ ಶೇ. 10 ಇದ್ದರೆ ‘6 ಆಂಪಿಯರ್ ಮಾತ್ರ ತಗೋ’ ಎಂದರ್ಥ, ಶೇ. 25 ಆದರೆ 15 ಆಂಪಿಯರ್. ಕೆಲವು ಗೋಡೆ ಚಾರ್ಜರ್‌ಗಳು ಮೈನ್ ವಯರಿಗೆ ತೊಡಿಸಿದ ಸೆನ್ಸರ್‌ನಿಂದ ಇಡೀ ಮನೆಯ ಕರೆಂಟನ್ನು ಅಳೆಯುತ್ತವೆ. ಗೀಸರ್ ಆನ್ ಆದೊಡನೆ ಈ ಸಂಕೇತದ ಮೂಲಕವೇ ಕಾರಿನ ಪಾಲನ್ನು ಇಳಿಸುತ್ತವೆ, ಆಫ್ ಆದಾಗ ಏರಿಸುತ್ತವೆ. ಅಂಥದ್ದಿಲ್ಲದಿದ್ದರೂ ಅನೇಕ ಕಾರು, ಚಾರ್ಜರ್‌ಗಳಲ್ಲಿ ಆಂಪಿಯರ್ ತಗ್ಗಿಸುವ ಆಯ್ಕೆಯಿದೆ. 15ರಿಂದ 10ಕ್ಕೆ ಇಳಿಸಿದರೆ ವಯರಿನಲ್ಲಿ ಹುಟ್ಟುವ ಬಿಸಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಏಕೆಂದರೆ ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಹಳೆಯ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಕಡೆ ಮೈನ್ ಬೋರ್ಡ್ ಜಗಲಿಯಲ್ಲಿ, ಕಾರ್ ಶೆಡ್ ಅಂಗಳದಾಚೆ. 2.5 ಚದರ ಮಿ.ಮೀ.ನ ತಾಮ್ರದ ವಯರನ್ನು 40 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 11 ವೋಲ್ಟ್ ಕಳೆದುಹೋಗುತ್ತದೆ. ಸಂಜೆ ಮೊದಲೇ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ. 4 ಚದರ ಮಿ.ಮೀ. ವಯರನ್ನು ಬೋರ್ಡಿನಿಂದ ನೇರ ಎಳೆಸಿ, ಅದಕ್ಕೇ ಪ್ರತ್ಯೇಕ ಎಂಸಿಬಿ ಮತ್ತು ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಆ ಪ್ಲಗ್ ಇನ್ವರ್ಟರ್ ಲೈನಿನಲ್ಲೂ ಇರಕೂಡದು.

ಅರ್ತಿಂಗ್ ಸರಿಯಿಲ್ಲದಿದ್ದರೆ ಹಲವು ಚಾರ್ಜರ್‌ಗಳು ಕೆಲಸ ಶುರುಮಾಡುವುದೇ ಇಲ್ಲ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಯ ತಡೆ ಏರುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ. ಏಪ್ರಿಲ್, ಮೇ ತಿಂಗಳ ಸಿಡಿಲಿನ ಮಳೆ ಹೊತ್ತಿಗೆ ಗನ್ ತೆಗೆದಿಡುವುದು ಕ್ಷೇಮ. ಮೈನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಹಳ್ಳಿಯ 25 ಕೆವಿಎ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಒಂದು ಫೇಸಿಗೆ ಸಿಗುವುದು ಬರೇ 8.3 ಕೆವಿಎ. ಸಿಂಗಲ್ ಫೇಸಿನ ಒಂದೇ ಒಂದು 7.2 ಕಿಲೋವ್ಯಾಟ್ ಚಾರ್ಜರ್ ಆ ಫೇಸನ್ನು ಬಹುಪಾಲು ನುಂಗಿಬಿಡುತ್ತದೆ. ಅದೇ ಫೇಸಿನ ನೆರೆಮನೆಯವರ ಮಿಕ್ಸಿ, ಫ್ರಿಜ್ಜುಗಳೂ ಅಲ್ಲಿಂದಲೇ ನಡೆಯಬೇಕು. ಇದನ್ನು ಯೋಚಿಸದೆ ದೊಡ್ಡ ಚಾರ್ಜರ್ ಕೂರಿಸುವುದು ನನ್ನ ಮಟ್ಟಿಗೆ ಸರಿಯಲ್ಲ.

ತೋಟದ ಪಂಪ್ ಶೆಡ್ಡಿನಿಂದ ಚಾರ್ಜ್ ಮಾಡಬಹುದೇ? ಕೂಡದು. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟು ಉಚಿತ, ಆದರೆ ನೀರೆತ್ತಲಿಕ್ಕೆ ಮಾತ್ರ. ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ದುಪ್ಪಟ್ಟು ದರದ ವಸೂಲಿ.

ಮನೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ಲೆಕ್ಕವೂ ತಿಳಿದಿರಲಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಾ ಮಂಗಳೂರಿಗೆ ಓಡಾಡುವವರ ಕಾರೊಂದೇ 250 ಯೂನಿಟ್ ಕೇಳುತ್ತದೆ.

ಇದಕ್ಕೊಂದು ದಾರಿಯಿದೆ. ಫೆಬ್ರವರಿ 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ ಕಾರಿಗೆಂದೇ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಗ್ರಾಹಕರಿಗಿದೆ. ಗ್ರಾಮೀಣ ಭಾಗದಲ್ಲಿ ಹೊಸ ಸಂಪರ್ಕಕ್ಕೆ ಇಟ್ಟ ಗಡುವು 15 ದಿನ.

ಕಾರು ಬುಕ್ ಮಾಡುವ ಮೊದಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ವಯರಿಂಗ್, ಅರ್ತಿಂಗ್ ಎರಡನ್ನೂ ಅಳತೆ ಮಾಡಿಸಿ. ಬಳಿಕ ಕರೆಂಟ್ ಬಿಲ್ ಹಿಡಿದು ಮೆಸ್ಕಾಂ ಶಾಖಾ ಕಚೇರಿಗೆ ಹೋಗಿ, ನಿಮ್ಮ ಟಿಸಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕೇಳಿ ಬನ್ನಿ.